ನವೆಂಬರ್ ತಿಂಗಳಲ್ಲಿ ಒಂದು ಪತ್ತೇದಾರಿ ಕಾದಂಬರಿ

ಪತ್ತೇದಾರಿ ಕಾದಂಬರಿ ಬರೆಯುವವರಿಗೆ ಕಲ್ಪನೆಯಷ್ಟೇ ನೆನಪಿನ ಬಲವೂ ಬೇಕಾಗುತ್ತದೆ. ಮೂರನೆಯ ಅಧ್ಯಾಯದಲ್ಲಿ ಮೀನಿನ ಬುಟ್ಟಿಯ ಕೆಳಗೆ ಸಿಕ್ಕ ಕೀಲಿಕೈ ಇಪ್ಪತ್ತನೆಯ ಅಧ್ಯಾಯದ ಹೊತ್ತಿಗೆ ಯಾರ ವಶದಲ್ಲಿದೆ, ಮಂಗಳವಾರ ಸಂಜೆ ಕಾರವಾರದ ಬಸ್ ನಿಲ್ದಾಣದಲ್ಲಿದ್ದೆನೆಂದು ಹೇಳಿದ ಸಾಕ್ಷಿ ಮುಂದೆ ಆ ಮಾತಿಗೆ ನಿಂತನೇ ಇಲ್ಲವೇ, ತನಿಖಾಧಿಕಾರಿಗೆ ಈವರೆಗೆ ಎಷ್ಟು ತಿಳಿದಿದೆ, ಓದುಗರಿಗೆ ಎಷ್ಟು ತಿಳಿದಿದೆ ಎಂಬುದೆಲ್ಲ ಬರೆಯುವವರ ತಲೆಯಲ್ಲಿ ಒಂದೇ ಹೊತ್ತಿಗೆ ಜೀವಂತವಾಗಿರಬೇಕು. ಹಿಂದಿನ ಕಾದಂಬರಿಗಳನ್ನು ನಾನು ಕಚೇರಿ, ಮನೆ, ಹಬ್ಬಹರಿದಿನಗಳ ನಡುವೆ ಸಿಕ್ಕ ಬಿಡುವಿನಲ್ಲಿ ವರ್ಷಗಟ್ಟಲೆ ಎಳೆದು ಬರೆದಿದ್ದೆ. ಪ್ರತಿ ಸಲ ಕುಳಿತಾಗಲೂ ಬರೆದದ್ದನ್ನೆಲ್ಲ ಮೊದಲಿನಿಂದ ಓದಿ, ಬಿಟ್ಟುಹೋದ ಎಳೆಗಳನ್ನು ಮತ್ತೆ ಹಿಡಿಯುವುದರಲ್ಲಿಯೇ ಹೊತ್ತು ಹೋಗುತ್ತಿತ್ತು. ತಿಂಗಳೊಂದರಲ್ಲಿ ಕಾದಂಬರಿಯ ಮೊದಲ ಕರಡನ್ನು ಮುಗಿಸುವ ಸವಾಲನ್ನು 2025ರ ನವೆಂಬರಿನಲ್ಲಿ ಕೈಗೆತ್ತಿಕೊಂಡದ್ದು ಈ ಕಾರಣಕ್ಕೆ. ಇಡೀ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಕೈಬಿಡದೆ ಹಿಡಿದಿಟ್ಟುಕೊಂಡರೆ ಅದರ ಕಟ್ಟಡ ಬೇರೆಯಾಗುತ್ತದೆಯೇ ಎಂಬುದನ್ನು ನಾನು ತಿಳಿಯಬೇಕಿತ್ತು.

ಈ ಸವಾಲು ಹುಟ್ಟಿದ್ದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಪ್ರದೇಶದಲ್ಲಿ. 1999ರ ಜುಲೈ ತಿಂಗಳಲ್ಲಿ ಕ್ರಿಸ್ ಬ್ಯಾಟಿ ಮತ್ತು ಅವರ ಗೆಳೆಯರು, ಒಟ್ಟು 21 ಮಂದಿ, ಇದನ್ನು ಮೊದಲು ನಡೆಸಿದರು. ಮರುವರ್ಷ ಅದು ನವೆಂಬರಿಗೆ ಬಂದು ಅಲ್ಲಿಯೇ ನೆಲೆ ನಿಂತಿತು. 30 ದಿನಗಳಲ್ಲಿ 50,000 ಪದ, ಅಂದರೆ ದಿನಕ್ಕೆ ಸರಾಸರಿ 1,667 ಪದ ಬರೆಯಬೇಕು ಎಂಬುದು ಅದರ ನಿಯಮ. ತೀರ್ಪುಗಾರರಿಲ್ಲ, ಬಹುಮಾನದ ಹಣವಿಲ್ಲ, ಮುಗಿಸಿದವರೆಲ್ಲರೂ ಗೆದ್ದವರೇ. ನ್ಯಾನೊರೈಮೊ ಎಂಬ ಹೆಸರಿನಲ್ಲಿ ಇದನ್ನು ನಡೆಸುತ್ತಿದ್ದ ಸಂಸ್ಥೆ ತಾನು ಮುಚ್ಚುತ್ತಿರುವುದಾಗಿ 2025ರ ಮಾರ್ಚ್ ಕೊನೆಯಲ್ಲಿ ಪ್ರಕಟಿಸಿತು. ಸಂಸ್ಥೆ ಹೋದರೂ ಪದ್ಧತಿ ಉಳಿದಿದೆ. ನಮ್ಮ ಓದುಗರಿಗೆ ಈ ಬಗೆಯ ಶಿಸ್ತು ಹೊಸದೂ ಅಲ್ಲ. ಸುಧಾ, ತರಂಗದಂತಹ ವಾರಪತ್ರಿಕೆಗಳಿಗೆ ಧಾರಾವಾಹಿ ಬರೆದವರು ಪ್ರತಿವಾರವೂ ಕಂತು ತಪ್ಪದಂತೆ, ಅಚ್ಚಾಗಿ ಹೋದದ್ದನ್ನು ಬದಲಿಸಲು ಅವಕಾಶವಿಲ್ಲದಂತೆ ಕಾದಂಬರಿ ಕಟ್ಟಿದವರು. ಕನ್ನಡದ ಜನಪ್ರಿಯ ಕಾದಂಬರಿಯ ಬಹುಪಾಲು ಆ ಗಡುವಿನ ಒತ್ತಡದಲ್ಲಿಯೇ ರೂಪುಗೊಂಡಿತೆಂದು ನಾನು ನಂಬಿದ್ದೇನೆ, ಮತ್ತು ಆ ಬರಹವನ್ನು ಅವಸರದ್ದೆಂದು ಕಡೆಗಣಿಸುವವರ ಮಾತನ್ನು ಎಂದೂ ಒಪ್ಪಿಲ್ಲ.

ಕನ್ನಡದಲ್ಲಿ ಬರೆಯುವವರು ಮೊದಲು ಬಿಡಿಸಿಕೊಳ್ಳಬೇಕಾದ ಪ್ರಶ್ನೆ ಎಣಿಕೆಯದ್ದು. ಕಂಪ್ಯೂಟರ್ ಎರಡು ಖಾಲಿ ಜಾಗಗಳ ನಡುವಿನದ್ದನ್ನು ಒಂದು ಪದವೆಂದು ಎಣಿಸುತ್ತದೆ. ನಮ್ಮಲ್ಲಿ ವಿಭಕ್ತಿ, ಕಾಲ, ಸಂದೇಹ, ಕೇಳಿದ ಮಾತೆಂಬ ಸೂಚನೆ ಎಲ್ಲವೂ ಪದದ ಬಾಲಕ್ಕೇ ಅಂಟಿಕೊಳ್ಳುವುದರಿಂದ, ಇಂಗ್ಲಿಷಿನವರು ಆರೇಳು ಪದಗಳಲ್ಲಿ ಹೇಳುವುದನ್ನು ನಾವು ಕೆಲವೊಮ್ಮೆ ಎರಡು ಪದಗಳಲ್ಲಿ ಮುಗಿಸುತ್ತೇವೆ. ನನ್ನದೇ ಹಳೆಯ ಕತೆಯೊಂದನ್ನು ಅದರ ಇಂಗ್ಲಿಷ್ ಅನುವಾದದ ಪಕ್ಕದಲ್ಲಿಟ್ಟು ಎಣಿಸಿದಾಗ ಕನ್ನಡದ ಪದಸಂಖ್ಯೆ ಇಂಗ್ಲಿಷಿನ ಮುಕ್ಕಾಲಿಗಿಂತಲೂ ಕಡಿಮೆಯಿತ್ತು. ಆದ್ದರಿಂದ 50,000ವನ್ನು ಹಾಗೆಯೇ ಎತ್ತಿಕೊಳ್ಳದೆ ದಿನಕ್ಕೆ 1,200 ಪದ, ತಿಂಗಳಿಗೆ 36,000 ಪದ ಎಂದು ಗೊತ್ತುಮಾಡಿಕೊಂಡೆ. ಅಷ್ಟರಲ್ಲಿ ಪತ್ತೇದಾರಿ ಕತೆಯೊಂದರ ಮೈ ಪೂರ್ತಿಯಾಗಿ ತುಂಬುತ್ತದೆ. ಅದಕ್ಕಿಂತ ಹೆಚ್ಚು ಬರೆದರೆ ಸಂಖ್ಯೆಗಾಗಿ ಮಾತು ಸುರಿದಂತಾಗುತ್ತದೆ. ಕನ್ನಡದಲ್ಲಿ ಈ ಪ್ರಯತ್ನ ಮಾಡಹೊರಟವರು ಇಂಗ್ಲಿಷಿನ ಸಂಖ್ಯೆಗೆ ಅಂಜಬೇಕಾಗಿಲ್ಲವೆಂದು ಒತ್ತಿ ಹೇಳುತ್ತೇನೆ.

ತಿಂಗಳು ಆರಂಭವಾಗುವ ಮುನ್ನ ಕರಡಿನ ಒಂದು ಸಾಲನ್ನೂ ಬರೆಯುವಂತಿಲ್ಲ, ಆದರೆ ಯೋಜನೆ ಹಾಕಿಕೊಳ್ಳಬಹುದು. ಪ್ರೇಮಕತೆಯನ್ನೋ ಸಾಮಾಜಿಕ ಕಾದಂಬರಿಯನ್ನೋ ಬರೆಯುವವರು ಪಾತ್ರಗಳ ಹಿಂದೆ ನಡೆದುಹೋಗಬಹುದು. ಕೊಲೆಯ ಕತೆಯನ್ನು ಮಾತ್ರ ಕೊನೆಯಿಂದ ಹಿಂದಕ್ಕೆ ಕಟ್ಟಿಕೊಂಡು ಬರಬೇಕು. ಅಕ್ಟೋಬರ್ ತಿಂಗಳಿಡೀ ನಾನು ಸತ್ತವನ ಕೊನೆಯ ರಾತ್ರಿಯನ್ನು ಗಂಟೆ ಗಂಟೆಯಾಗಿ ಬರೆದಿಟ್ಟುಕೊಂಡೆ. ಅವನು ಕಾರವಾರದ ಬೈತಖೋಲ ಮೀನುಗಾರಿಕಾ ಬಂದರಿನಲ್ಲಿ ದೋಣಿ ಮಾಲೀಕರೊಬ್ಬರ ಲೆಕ್ಕ ಬರೆಯುವವನು. ಅವನ ಶವ ಸಿಗುವುದು ಕೋಡಿಬಾಗದ ಬಳಿ, ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ. ತನಿಖೆ ನಡೆಸುವವಳು ಕರಾವಳಿ ಕಾವಲು ಪೊಲೀಸ್ ಪಡೆಯ ಸಬ್‌ಇನ್‌ಸ್ಪೆಕ್ಟರ್, ಘಟ್ಟದ ಮೇಲಿನ ಹೆಣ್ಣುಮಗಳು, ಸಮುದ್ರಕ್ಕೆ ಹೊಸಬಳು.

ಕತೆಯ ಮೊದಲ ಆಧಾರ ಕಾಲ. ಅದು ಯಾವ ವರ್ಷ ನಡೆಯುತ್ತದೆ ಎಂಬುದನ್ನು ನಿರ್ಧರಿಸದೆ ಮೊದಲ ಅಧ್ಯಾಯದ ಮೊದಲ ಪುಟವನ್ನೂ ಬರೆಯಲಾಗುತ್ತಿರಲಿಲ್ಲ. ಕಾರವಾರವನ್ನು ಸದಾಶಿವಗಡಕ್ಕೆ ಸೇರಿಸುವ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದುಬಿತ್ತು. ಅದಕ್ಕೂ ಮುಂಚಿನ ಕತೆಯಾದರೆ ನದಿಯ ಮೇಲೆ ಎರಡು ಸೇತುವೆಗಳಿವೆ, ಎರಡರಲ್ಲಿಯೂ ವಾಹನಗಳಿವೆ, ಆ ಕಡೆಗೊಂದು ಈ ಕಡೆಗೊಂದು ದಾರಿಯಿದೆ. ಅನಂತರದ ಕತೆಯಾದರೆ ಇರುವುದು ಒಂದೇ. ಓಡಿಹೋಗುವವನಿಗೂ ನೋಡಿದೆನೆನ್ನುವ ಸಾಕ್ಷಿಗೂ ಇದರಿಂದ ಎಲ್ಲವೂ ಬದಲಾಗುತ್ತದೆ. ಕಾನೂನಿನ ಮಾತೂ ಹಾಗೆಯೇ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಡಿ ನಡೆಯುತ್ತಿದ್ದ ಅಸಹಜ ಸಾವಿನ ವಿಚಾರಣೆ ಈಗ 194ನೆಯ ಕಲಮಿನಡಿ ನಡೆಯುತ್ತದೆ, ಮತ್ತು ಶೋಧನೆ, ಜಪ್ತಿಗಳನ್ನು 105ನೆಯ ಕಲಮಿನಂತೆ ಮೊಬೈಲ್ ಫೋನ್ ಮೊದಲಾದ ಸಾಧನದಲ್ಲಿ ದೃಶ್ಯ ಧ್ವನಿಗಳ ಸಹಿತ ದಾಖಲಿಸಬೇಕಾಗಿದೆ. ಪತ್ತೇದಾರನು ಒಬ್ಬನೇ ಕೋಣೆಯೊಳಕ್ಕೆ ಹೋಗಿ, ಮಂಚದ ಕೆಳಗೆ ಬಿದ್ದ ಅಂಗಿಯ ಗುಂಡಿಯೊಂದನ್ನು ಯಾರಿಗೂ ಹೇಳದೆ ಜೇಬಿಗೆ ಹಾಕಿಕೊಂಡು ಬರುವ ಹಳೆಯ ಜಾಣತನಕ್ಕೆ ಇಲ್ಲಿ ಜಾಗವಿಲ್ಲ. ನಾನು ಕತೆಯನ್ನು ಸೇತುವೆ ಬಿದ್ದ ಮೇಲಿನ ನವೆಂಬರಿನಲ್ಲಿಯೇ ಇಟ್ಟೆ. ಶೋಧನೆಯ ದೃಶ್ಯವನ್ನು ಅಧಿಕಾರಿ ರಾತ್ರಿ ಮನೆಯಲ್ಲಿ ಕುಳಿತು ಮತ್ತೆ ಮತ್ತೆ ನೋಡುವಾಗ, ಸ್ಥಳದಲ್ಲಿ ಕಣ್ಣಿಗೆ ಬೀಳದಿದ್ದದ್ದು ತೆರೆಯ ಮೇಲೆ ಕಾಣಿಸಿಕೊಳ್ಳುವ ಒಂದು ಅಧ್ಯಾಯ ಈ ಕಲಮಿನ ಕಾರಣದಿಂದಲೇ ಹುಟ್ಟಿಕೊಂಡಿತು.

ಎರಡನೆಯ ಆಧಾರ ನೀರು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಹೀಗಾಗಿ ಇಂದಿನ ಉಬ್ಬರದ ಹೊತ್ತು ನಾಳೆಗೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಜರುಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತಗಳ ಅಂತರ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಬೈತಖೋಲದವರು ಭರತಿ, ಸುಕತಿ ಎಂದು ಕೊಂಕಣಿಯಲ್ಲಿ ಹೇಳುವ ಈ ಲೆಕ್ಕ ಅವರಿಗೆ ಗಡಿಯಾರವಿಲ್ಲದೆಯೂ ಗೊತ್ತಿರುತ್ತದೆ; ನನಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೋಷ್ಟಕ ಬೇಕಾಯಿತು. ಶವವನ್ನು ಇಂತಹ ಗಳಿಗೆಯಲ್ಲಿ ನೀರಿಗೆ ಬಿಟ್ಟರೆ ಇಂತಹ ಗಳಿಗೆಯಲ್ಲಿ ಇಂತಲ್ಲಿ ಮರಳಿಗೆ ತಾಗಬೇಕು ಎಂಬ ಲೆಕ್ಕದ ಮೇಲೆ ಒಬ್ಬನ ನಿರಪರಾಧಿತ್ವ ನಿಂತಿದ್ದರೆ, ಆ ಲೆಕ್ಕದಲ್ಲಿ ಊಹೆಗೆ ಎಡೆಯಿರಬಾರದು. ಮೇಲಿನಿಂದ ಬರುವ ನೀರಿನ ಪ್ರಮಾಣವೂ ಒಂದೇ ಸಮನಿರುವುದಿಲ್ಲ. ಕದ್ರಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ಎಷ್ಟು ಬಿಟ್ಟರೆಂಬುದೂ ಕೆಳಗಿನ ಸೆಳೆತವನ್ನು ಬದಲಿಸುತ್ತದೆ. 2025ರ ನವೆಂಬರ್ 5ರಂದು ಕಾರ್ತಿಕ ಹುಣ್ಣಿಮೆ, 20ರಂದು ಅಮಾವಾಸ್ಯೆ. ಕತೆಯ ತಿಂಗಳೂ ಬರೆಯುವ ತಿಂಗಳೂ ಒಂದೇ ಋತುವಿನಲ್ಲಿದ್ದುದರಿಂದ ಅಧ್ಯಾಯ ಬರೆದ ಸಂಜೆ ಕೋಡಿಬಾಗಕ್ಕೆ ಹೋಗಿ ಅದೇ ಬೆಳಕು, ಅದೇ ನೀರನ್ನು ನೋಡಿಕೊಂಡು ಬರಬಹುದಾಗಿತ್ತು.

ಮೂರನೆಯ ಆಧಾರವನ್ನು ನ್ಯಾಯವೈದ್ಯಶಾಸ್ತ್ರದ ಪಠ್ಯಪುಸ್ತಕಗಳು ಕೊಟ್ಟವು. ನೀರಿನಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಿರುತ್ತವೆ. ಅವುಗಳ ಕವಚ ಸಿಲಿಕಾದ್ದಾದ್ದರಿಂದ ಸುಲಭವಾಗಿ ನಾಶವಾಗುವುದಿಲ್ಲ. ಜೀವವಿರುವಾಗ ಮುಳುಗಿದವರು ನೀರನ್ನು ಒಳಕ್ಕೆಳೆದುಕೊಂಡಾಗ ಅವು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆಯವರೆಗೆ ಹೋಗಬಲ್ಲವು. ಸತ್ತ ಮೇಲೆ ನೀರಿಗೆ ಬಿದ್ದ ದೇಹದಲ್ಲಿ ರಕ್ತ ಹರಿಯದಿರುವುದರಿಂದ ಅಷ್ಟು ದೂರ ತಲುಪಲಾರವು. ಸಿಹಿನೀರಿನ ಡಯಾಟಮ್‌ಗಳೇ ಬೇರೆ, ಉಪ್ಪುನೀರಿನವೇ ಬೇರೆ. ಈ ಒಂದು ಪರೀಕ್ಷೆಯಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ, ಇತರ ಸಾಕ್ಷ್ಯಗಳಿಗೆ ಅದು ಬೆಂಬಲ ಮಾತ್ರ ಎಂದು ವೈದ್ಯರು ಎಚ್ಚರಿಸುತ್ತಾರೆ, ಮತ್ತು ಆ ಎಚ್ಚರಿಕೆಯನ್ನು ನನ್ನ ಕಾದಂಬರಿಯ ವೈದ್ಯೆಯ ಬಾಯಲ್ಲಿಯೂ ಇಟ್ಟಿದ್ದೇನೆ. ಸಿಹಿಯೂ ಉಪ್ಪೂ ಬೆರೆಯುವ ಅಳಿವೆಯಲ್ಲಿ ಒಬ್ಬ ಸತ್ತು ಸಿಕ್ಕಾಗ, ಅವನು ಮುಳುಗಿದ ನೀರು ಯಾವುದು ಎಂಬ ಪ್ರಶ್ನೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಊಹಿಸಿಕೊಳ್ಳಬಹುದು. ಇದಕ್ಕಿಂತ ಹೆಚ್ಚು ಹೇಳಿದರೆ ಮುಂದೆ ಓದುವವರ ಸುಖಕ್ಕೆ ಕಲ್ಲು ಹಾಕಿದಂತಾದೀತು.

ನವೆಂಬರ್ ಬಂದಾಗ ದೀಪಾವಳಿ ಮುಗಿದಿತ್ತು, ಮನೆಯಲ್ಲಿ ನೆಂಟರಿರಲಿಲ್ಲ. ಬೆಳಗಿನ ಜಾವ ಎದ್ದು, ಕಚೇರಿಯ ಹೊತ್ತಿನವರೆಗೆ ಬರೆಯುವುದು. ಉಳಿದದ್ದನ್ನು ರಾತ್ರಿ ಊಟದ ಮೇಲೆ ಮುಗಿಸುವುದು. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ ಬೆರಳುಗಳಿಗೆ ಹಿಡಿದಿದ್ದುದರಿಂದ ಕನ್ನಡ ಟೈಪಿಂಗ್ ತೊಡಕಾಗಲಿಲ್ಲ. ಮೊದಲ ವಾರದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎಲ್ಲರಿಗೂ ಆ ವಾರ ಸಲೀಸಾಗಿಯೇ ಸಾಗುತ್ತದೆಂದು ಕಾಣುತ್ತದೆ. ಶವ ಸಿಕ್ಕಿತು, ಜನ ಸೇರಿದರು, ಪಂಚನಾಮೆಯಾಯಿತು, ಹೆಂಡತಿಗೆ ಸುದ್ದಿ ತಲುಪಿತು.

ಹಿಂದಿರುಗಿ ತಿದ್ದಬಾರದೆಂಬ ಶಿಸ್ತೇ ಈ ಸವಾಲಿನ ಜೀವ, ಮತ್ತು ಪತ್ತೇದಾರಿ ಬರೆಯುವವರಿಗೆ ಅದೇ ಎಲ್ಲಕ್ಕಿಂತ ಕಠಿಣ. ಹದಿನೈದನೆಯ ಅಧ್ಯಾಯದಲ್ಲಿ ಹೊಸ ಸುಳಿವೊಂದು ಹೊಳೆದರೆ ಅದನ್ನು ನಾಲ್ಕನೆಯ ಅಧ್ಯಾಯದಲ್ಲಿಯೇ ನೆಟ್ಟಿರಬೇಕಾಗುತ್ತದೆ. ಮೊದಲು ತೋರಿಸದ ವಸ್ತುವನ್ನು ಕೊನೆಯಲ್ಲಿ ಹೊರತೆಗೆಯುವುದು ಓದುಗರಿಗೆ ಮಾಡುವ ವಂಚನೆ. ಇದಕ್ಕಾಗಿ ಒಂದು ವಹಿಯನ್ನು ಇಟ್ಟುಕೊಂಡೆ. ಎಡಪುಟದಲ್ಲಿ ಸುಳಿವು ಎಲ್ಲಿ, ಯಾರ ಕಣ್ಣೆದುರು, ಯಾವ ಮಾತಿನ ಮರೆಯಲ್ಲಿ ಬರುತ್ತದೆ ಎಂದೂ ಬಲಪುಟದಲ್ಲಿ ಅದು ಎಲ್ಲಿ ಬಿಡಿಸಿಕೊಳ್ಳುತ್ತದೆ ಎಂದೂ ಬರೆಯುತ್ತಿದ್ದೆ. ಹೊಸದೇನಾದರೂ ಹೊಳೆದಾಗ ಕರಡನ್ನು ಮುಟ್ಟದೆ, ಅದು ಮೊದಲಿನಿಂದಲೂ ಅಲ್ಲಿಯೇ ಇತ್ತೆಂಬ ನಂಬಿಕೆಯಲ್ಲಿ ಮುಂದಿನ ಅಧ್ಯಾಯವನ್ನು ಬರೆದು, ಎಡಪುಟದಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕುತ್ತಿದ್ದೆ. ಹೀಗೆ ಮಾಡುವಾಗ ವಹಿಗಿಂತ ಮೊದಲು ನನ್ನ ತಲೆಗೇ ಎಲ್ಲವೂ ನೆನಪಿರುವುದನ್ನು ಕಂಡು ನನಗೆ ಆದ ಸಂತೋಷವನ್ನು ಮರೆಯಲಾರೆ. ನಿನ್ನೆ ಬರೆದದ್ದನ್ನು ಇಂದು ಓದುವ ಅಗತ್ಯವೇ ಇರಲಿಲ್ಲ. ಕಚೇರಿಗೆ ನಡೆದು ಹೋಗುವಾಗ, ಮಾರುಕಟ್ಟೆಯಲ್ಲಿ ಬಂಗಡೆ ಆರಿಸುವಾಗ, ಆ ಹದಿನಾರು ಹದಿನೇಳು ಪಾತ್ರಗಳು ಯಾರು ಎಲ್ಲಿ ಇದ್ದಾರೆಂಬುದು ತಾನಾಗಿಯೇ ತಿಳಿಯುತ್ತಿತ್ತು. ನಾನು ಹುಡುಕಿಕೊಂಡು ಹೋದದ್ದು ಇದನ್ನೇ.

ಬರವಣಿಗೆಯನ್ನು ನಿಧಾನಗೊಳಿಸಿದ್ದು ಸಂಭಾಷಣೆ. ಕಾರವಾರದ ಪೇಟೆಯಲ್ಲಿ ಒಂದು ಗಂಟೆ ನಿಂತರೆ ಕೊಂಕಣಿ, ಕನ್ನಡ, ಮರಾಠಿ, ನೌಕಾನೆಲೆಯ ಕಾರಣದಿಂದ ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗ ಹೆಂಗಸಿನ ಕನ್ನಡವೂ ಶಿರಸಿಯ ಹವ್ಯಕರ ಮನೆಯ ಕನ್ನಡವೂ ಒಂದೇ ಜಿಲ್ಲೆಯವಾದರೂ ಒಂದರಂತೆ ಇನ್ನೊಂದಿಲ್ಲ. ಎಲ್ಲರನ್ನೂ ಪತ್ರಿಕೆಯ ಕನ್ನಡದಲ್ಲಿ ಮಾತಾಡಿಸಿದರೆ ದಿನದ ಪದಸಂಖ್ಯೆ ಬೇಗ ತುಂಬುತ್ತದೆ, ನಿಜ. ಆದರೆ ನನ್ನ ಕತೆಯಲ್ಲಿ ಒಬ್ಬಳು ಸಾಕ್ಷಿ ಕತ್ತಲಲ್ಲಿ ಕೇಳಿದ ದನಿಯನ್ನು ಅದರ ಮಾತಿನ ಮಟ್ಟಿನಿಂದಲೇ ಗುರುತಿಸುತ್ತಾಳೆ. ಎಲ್ಲರ ಮಾತೂ ಒಂದೇ ಆಗಿದ್ದರೆ ಆ ಸಾಕ್ಷ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅಂತಹ ದಿನಗಳಲ್ಲಿ ಸಂಖ್ಯೆ ತಗ್ಗಿದರೂ ಚಿಂತೆಯಿಲ್ಲವೆಂದು ಮಾತುಗಳನ್ನು ಬಾಯಿಬಿಟ್ಟು ಹೇಳಿ ನೋಡಿಯೇ ಬರೆದೆ.

ತಿಂಗಳ ನಡುವಿನಲ್ಲಿ ಶಿರಸಿಯ ಸಮೀಪದ ನೆಂಟರ ಮನೆಗೆ ಹೋಗಬೇಕಾಯಿತು. ಅಡಿಕೆಯ ಕೊನೆಕೊಯ್ಲು ಶುರುವಾಗಿತ್ತು, ಹಗಲು ಕೊಯ್ದ ಹಸಿ ಅಡಿಕೆಯನ್ನು ರಾತ್ರಿ ಸುಲಿದು ಮುಗಿಸದಿದ್ದರೆ ಮರುದಿನದ ಬೇಯಿಸುವ ಕೆಲಸ ನಿಲ್ಲುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಮುಂದೆ ಮನೆಯವರೂ ಕೆಲಸಕ್ಕೆ ಬಂದವರೂ ಸಾಲಾಗಿ ಕುಳಿತು, ಕೈ ತನ್ನ ಪಾಡಿಗೆ ನಡೆಯುವಾಗ ಬಾಯಿಗೆ ಕತೆ ಬೇಡುವ ಹೊತ್ತು ಅದು. ಮಲೆನಾಡಿನಲ್ಲಿ ಎಷ್ಟೋ ಕತೆಗಳು ದಾಟಿಕೊಂಡು ಬಂದದ್ದು ಈ ಅಡಿಕೆ ಸುಲಿಯುವ ರಾತ್ರಿಗಳಲ್ಲಿಯೇ. ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತದ್ದನ್ನು ಕಂಡು ಏನು ಬರೆಯುತ್ತಿದ್ದೀಯೆಂದು ಕೇಳಿದರು; ಅಲ್ಲಿಯವರೆಗಿನ ಕತೆಯನ್ನು ಹೇಳಿ, ಆ ದಿನದ ಅಧ್ಯಾಯವನ್ನು ಓದಿದೆ. ಕರಡನ್ನು ಮುಗಿಯುವ ಮುನ್ನ ಯಾರಿಗೂ ತೋರಿಸಬಾರದೆಂದು ಬಲ್ಲವರು ಹೇಳುತ್ತಾರೆ. ಬೇರೆ ಬಗೆಯ ಕಾದಂಬರಿಗೆ ಅದು ಸರಿಯಿರಬಹುದು. ಪತ್ತೇದಾರಿಗೆ ಮಾತ್ರ ಕೇಳುಗರ ಊಹೆ ಎತ್ತ ಹೋಗುತ್ತಿದೆ ಎಂದು ಅರ್ಧದಾರಿಯಲ್ಲಿ ತಿಳಿಯುವುದಕ್ಕಿಂತ ದೊಡ್ಡ ಲಾಭವಿಲ್ಲ.

ಕತ್ತಿಯ ಸದ್ದಿನ ನಡುವೆಯೇ ವಾದ ಹತ್ತಿಕೊಂಡಿತು. ದೋಣಿಯ ಮಾಲೀಕನೇ ಮಾಡಿಸಿದ್ದು ಎಂದು ಮರ ಹತ್ತಿ ಅಡಿಕೆಗೊನೆ ಕೊಯ್ಯುವ ಕೊನೆಗೌಡ ಹೇಳಿದ. ಲೆಕ್ಕದಲ್ಲಿ ಏನೋ ಇದೆ, ಮೊದಲು ಲೆಕ್ಕದ ಪುಸ್ತಕ ಹುಡುಕಲಿ ಎಂದು ಕಾಲೇಜಿಗೆ ಹೋಗುವ ಹುಡುಗಿ ಹೇಳಿದಳು. ಅಷ್ಟು ಹೊತ್ತು ಸುಮ್ಮನಿದ್ದ ಮನೆಯ ಹಿರಿಯಜ್ಜಿ ಕೈ ನಿಲ್ಲಿಸದೆ ಕೇಳಿದಳು: "ಅಂವ ಹಾಕ್ಕಂಡಿದ್ದ ಚಪ್ಲಿ ಎಲ್ಲಿ ಹೋತು?" ಶವ ಬರಿಗಾಲಿನಲ್ಲಿತ್ತೆಂದು ನಾನು ಮೊದಲ ಅಧ್ಯಾಯದಲ್ಲಿ ಬರೆದಿದ್ದು ನೀರಿನಲ್ಲಿ ಸಿಕ್ಕವನ ವರ್ಣನೆಗೆಂದಷ್ಟೆ. ನಮ್ಮಲ್ಲಿ ಮನೆಯೊಂದರ ಒಳಗೆ ಹೋಗುವವರು ಚಪ್ಪಲಿಯನ್ನು ಹೊರಗೆ ಬಿಟ್ಟು ಹೋಗುತ್ತಾರೆ. ಒಳಗೆ ಹೋದವನು ಮತ್ತೆ ತನ್ನ ಕಾಲಿನಲ್ಲಿ ಹೊರಬರದಿದ್ದರೆ ಚಪ್ಪಲಿ ಆ ಮೆಟ್ಟಿಲ ಬಳಿಯೇ ಉಳಿಯುತ್ತದೆ, ಮತ್ತು ಯಾರೋ ಅದನ್ನು ಎತ್ತಬೇಕಾಗುತ್ತದೆ. ಅವನು ಕೊನೆಯದಾಗಿ ಕಾಲಿಟ್ಟದ್ದು ಬಂದರಿಗಲ್ಲ, ಅವನಿಗೆ ಗುರುತಿದ್ದ ಯಾರದೋ ಮನೆಗೆ ಎಂಬ ಸತ್ಯ ಆ ಒಂದು ಪ್ರಶ್ನೆಯಿಂದ ಬಯಲಾಯಿತು. ಕೊಲೆಗಾರ ಯಾರೆಂಬುದನ್ನು ಅಕ್ಟೋಬರಿನಲ್ಲಿಯೇ ನಿಶ್ಚಯಿಸಿದ್ದೆ, ಅದು ಬದಲಾಗಲಿಲ್ಲ. ಆದರೆ ಅವನನ್ನು ಹಿಡಿಯುವ ದಾರಿ ಆ ರಾತ್ರಿ ಸಿಕ್ಕಿತು. ವರ್ಷಗಟ್ಟಲೆ ಎಳೆದು ಬರೆಯುತ್ತಿದ್ದ ದಿನಗಳಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ನಾನು ಅದನ್ನು ಚೀಟಿಯಲ್ಲಿ ಬರೆದಿಟ್ಟು ಮರೆತಿರುತ್ತಿದ್ದೆ. ಈಗ ಇಡೀ ಕತೆ ಕೈಯಳತೆಯಲ್ಲಿದ್ದುದರಿಂದ ಚಪ್ಪಲಿ ಯಾವ ಯಾವ ಅಧ್ಯಾಯದಲ್ಲಿ ಕಾಣಿಸಬೇಕೆಂಬುದು ಅಲ್ಲಿ ಕುಳಿತಲ್ಲಿಯೇ ಹೊಳೆಯಿತು. ವಹಿಯ ಎಡಪುಟ ಕೆಂಪಾಯಿತು.

ಮೂರನೆಯ ವಾರ ಕಠಿಣ. ತನಿಖೆಯೆಂದರೆ ವಿಚಾರಣೆಗಳ ಸಾಲು. ಅಧಿಕಾರಿ ಕೇಳುತ್ತಾಳೆ, ಸಾಕ್ಷಿ ಹೇಳುತ್ತಾನೆ, ಚಹಾ ಬರುತ್ತದೆ, ಮತ್ತೊಬ್ಬ ಸಾಕ್ಷಿ. ಬರೆಯುವವರಿಗೇ ಬೇಸರ ಬಂದರೆ ಓದುವವರ ಗತಿಯೇನು? ಈ ಜಡತೆಯಿಂದ ಹೊರಬರಲು ನೀರಿನ ಕೋಷ್ಟಕವೇ ನೆರವಾಯಿತು. ಪ್ರತಿಯೊಬ್ಬ ಸಾಕ್ಷಿಗೂ ಆ ರಾತ್ರಿಯ ಬೇರೆ ಬೇರೆ ಗಳಿಗೆಯನ್ನು ಹಂಚಿಕೊಟ್ಟು, ಅವರ ಮಾತಿನಲ್ಲಿ ಗಡಿಯಾರದ ಹೊತ್ತಿನ ಬದಲು ನೀರಿನ ಮಟ್ಟವನ್ನು ಹೇಳಿಸಿದೆ. ಬಲೆ ಎಳೆಯುವವನು ಇಳಿತ ಶುರುವಾಗಿತ್ತೆನ್ನುತ್ತಾನೆ, ಮರಳಿನ ಮೇಲೆ ಮಲಗಿದ್ದವನು ಕಾಲಿಗೆ ನೀರು ತಾಗಿ ಎಚ್ಚರವಾಯಿತೆನ್ನುತ್ತಾನೆ. ಇಬ್ಬರೂ ಒಂದೇ ಹೊತ್ತನ್ನು ಹೇಳುತ್ತಿದ್ದರೆ ಒಬ್ಬನ ಮಾತು ಸುಳ್ಳು. ಘಟ್ಟದ ಮೇಲಿನಿಂದ ಬಂದ ಅಧಿಕಾರಿಗೆ ಇದು ಮೊದಲು ಅರ್ಥವಾಗುವುದಿಲ್ಲ, ಅವಳು ಕಲಿಯುತ್ತಾಳೆ, ಅವಳ ಜೊತೆಗೆ ಓದುಗರೂ ಕಲಿಯುತ್ತಾರೆ. ಅಲ್ಲಿಂದ ಮುಂದೆ ಬರವಣಿಗೆ ತಡೆಯಲಿಲ್ಲ. ಕೊನೆಯ ಅಧ್ಯಾಯಗಳನ್ನು ಬರೆಯುವಾಗ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ಅಪರಾಧಿಯ ಹೆಸರು ಹೇಳುವ ಪದ್ಧತಿಯನ್ನು ಬಿಟ್ಟೆ. ಕಾಯಿದೆಯ ಪ್ರಕಾರ ನಡೆಯುವ ತನಿಖೆಗೆ ಅದು ಹೊಂದುವುದಿಲ್ಲ. ದೋಷಾರೋಪ ಪಟ್ಟಿ ಸಿದ್ಧವಾಗುವ ಮುನ್ನ ಅಧಿಕಾರಿ ತಾನು ಕಂಡದ್ದನ್ನು ಸತ್ತವನ ಹೆಂಡತಿಗೆ ಹೇಳುವ ಅಧ್ಯಾಯವೇ ಕಾದಂಬರಿಯ ಬಿಡುಗಡೆಯ ಗಳಿಗೆಯಾಯಿತು. ನಾನು ಬರೆದದ್ದರಲ್ಲಿ ನನಗೆ ಬಹಳ ಪ್ರಿಯವಾದ ಅಧ್ಯಾಯ ಅದು. ತಿಂಗಳು ತೀರುವ ಮುನ್ನ ಕರಡು ಪೂರ್ತಿಯಾಯಿತು.

ಡಿಸೆಂಬರಿನಲ್ಲಿ ಅದನ್ನು ತೆರೆಯಲಿಲ್ಲ. ಅನಂತರ ವಹಿಯ ಕೆಂಪು ಗುರುತುಗಳನ್ನು ಒಂದೊಂದಾಗಿ ಕರಡಿನೊಳಕ್ಕೆ ಸೇರಿಸಿ, ಮುದ್ರಿಸಿದ ಪ್ರತಿಯೊಂದನ್ನು ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರಿಗೂ, ಬೈತಖೋಲದಲ್ಲಿ ಬಹುಕಾಲ ದೋಣಿ ನಡೆಸಿದ ಹಿರಿಯರೊಬ್ಬರಿಗೂ ಕೊಟ್ಟೆ. ಅಧಿಕಾರಿಗಳು ಪಂಚನಾಮೆಯ ಕ್ರಮದಲ್ಲಿ ಕೆಲವು ಸಣ್ಣ ಬದಲಾವಣೆಗಳನ್ನು ಸೂಚಿಸಿದರು. ದೋಣಿಯವರು ಓದಿಸಿ ಕೇಳಿ, ಗಾಳಿಯ ಮಾತೆತ್ತಿದರು. ನವೆಂಬರಿನಲ್ಲಿ ನಸುಕಿನ ಹೊತ್ತು ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ಸಮುದ್ರದಿಂದ ನೆಲದ ಕಡೆಗೆ ತಿರುಗುತ್ತದೆ. ಇಳಿತದ ಹೊತ್ತಿನಲ್ಲಿ, ನಸುಕಿಗೆ ಮುಂಚೆ ಕಟ್ಟು ಬಿಚ್ಚಿಬಿಟ್ಟ ಖಾಲಿ ದೋಣಿಯನ್ನು ನೀರೂ ಗಾಳಿಯೂ ಒಂದೇ ದಿಕ್ಕಿಗೆ ಒಯ್ಯುತ್ತವೆ. ಅದು ದೇವಬಾಗದ ದಂಡೆಗೆ ತಾಗದೆ ಕೂರ್ಮಗಡ ದ್ವೀಪದ ಕಡೆಗೆ ಹೊರಸಮುದ್ರಕ್ಕೆ ಹೋಗುತ್ತದೆ, ಮತ್ತೆ ದಂಡೆಯ ಕಡೆ ಮುಖ ಮಾಡುವುದು ಮಧ್ಯಾಹ್ನದ ಮೇಲೆಯೇ. ದೋಣಿಯನ್ನು ಬೆಳಿಗ್ಗೆಯೇ ದೇವಬಾಗದಲ್ಲಿ ಕಂಡೆನೆಂದು ಹೇಳುವ ಸಾಕ್ಷಿ ನನ್ನ ಕರಡಿನಲ್ಲಿ ಪ್ರಾಮಾಣಿಕನಾಗಿದ್ದ. ಈ ಗಾಳಿಯ ಲೆಕ್ಕ ಸೇರಿದ ಮೇಲೆ ಅವನು ಸುಳ್ಳು ಹೇಳುತ್ತಿದ್ದಾನೆ, ಮತ್ತು ಯಾರಿಗಾಗಿ ಹೇಳುತ್ತಿದ್ದಾನೆ ಎಂಬುದನ್ನು ಹದಿನೆಂಟನೆಯ ಅಧ್ಯಾಯದಲ್ಲಿ ಈಗ ಹೊಸದಾಗಿ ಬರೆಯುತ್ತಿದ್ದೇನೆ.